ಮನೆಯ ಪೋರ್ಟಿಕೋದಲ್ಲೇ ಕಾರಿಗೆ ಬಣ್ಣ, ಕ್ಲಿಯರ್ ಹೊಡೆಯಬಹುದೇ?

ಪ್ರಶ್ನೆ: ನನ್ನದು 2013ರ ಸ್ವಿಫ್ಟ್, ಸಿಲ್ವರ್ ಬಣ್ಣ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಬಾನೆಟ್ ಮತ್ತು ರೂಫ್ ಮೇಲಿನ ಹೊಳಪಿನ ಪದರ (ಕ್ಲಿಯರ್) ಹಾವಿನ ಪೊರೆಯ ಹಾಗೆ ಏಳುತ್ತಿದೆ. ಸರ್ವಿಸ್ ಸೆಂಟರಿನಲ್ಲಿ ಎರಡಕ್ಕೂ ಸೇರಿ ಹದಿನಾರು ಸಾವಿರ ಕೇಳಿದರು. ನಾಗರಭಾವಿಯಲ್ಲಿ 30×40 ಸೈಟಿನ ಮನೆ ನಮ್ಮದು, ಪೋರ್ಟಿಕೋದಲ್ಲಿ ಒಂದು ಕಾರು ನಿಲ್ಲುತ್ತದೆ. ವಿಡಿಯೋಗಳನ್ನು ನೋಡಿದ ಮೇಲೆ ನಾನೇ ಮಾಡಬಹುದು ಅನ್ನಿಸಿದೆ. ಸ್ನೇಹಿತ ಸಣ್ಣ ಕಂಪ್ರೆಸರ್ ಮತ್ತು ಪೇಂಟ್ ಹೊಡೆಯುವ ಗನ್ ಕೊಡುತ್ತೇನೆ ಅಂದಿದ್ದಾನೆ. ಅಂಗಡಿಯವರು ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ ಟೂ-ಕೆ ಕ್ಲಿಯರ್ ತೆಗೆದುಕೊಳ್ಳಿ ಅಂದರು. ಕೋವಿಡ್ ಕಾಲದ ಎನ್-95 ಮಾಸ್ಕ್ ಇವೆ. ಮೇಲಿನ ಮಹಡಿಯಲ್ಲಿ ಅಮ್ಮ ಇದ್ದಾರೆ, ಅವರಿಗೆ ಉಬ್ಬಸ. ಆಯುಧಪೂಜೆಯೊಳಗೆ ಮುಗಿಸುವ ಆಸೆ. ಸಿಲ್ವರ್ ಬಣ್ಣ ಬಹುತೇಕ ಚೆನ್ನಾಗಿಯೇ ಇದೆ, ಅದರ ಮೇಲೆ ಬರೀ ಕ್ಲಿಯರ್ ಹೊಡೆದರೆ ಸಾಲದೇ?

ಉತ್ತರ: ನೀವು ಕೇಳಿರುವುದು ಹದಿನಾರು ಸಾವಿರ ಉಳಿಸಬಹುದೇ ಎಂದು. ನನ್ನ ಕಣ್ಣು ನಿಂತಿದ್ದು ‘ಮೇಲಿನ ಮಹಡಿಯಲ್ಲಿ ಅಮ್ಮ, ಅವರಿಗೆ ಉಬ್ಬಸ’ ಎಂಬ ಮಾತಿನ ಮೇಲೆ. ಹಾಗಾಗಿ ಸುತ್ತಿಬಳಸದೆ ಹೇಳಿಬಿಡುತ್ತೇನೆ. ಉಜ್ಜುವ ಕೆಲಸ ನೀವೇ ಮಾಡಬಹುದು. ಸೈಡ್ ಮಿರರ್ ಕವರಿನಂಥ ಸಣ್ಣ ಭಾಗಗಳಿಗೆ ಬಣ್ಣವನ್ನೂ ಹೊಡೆಯಬಹುದು. ಹಾರ್ಡನರ್ ಬೆರೆಸಿದ ಟೂ-ಕೆ ಕ್ಲಿಯರ್ ಮಾತ್ರ ಆ ಪೋರ್ಟಿಕೋದಲ್ಲಿ ಬೇಡ. ನಿಮ್ಮ ಕೈಗುಣದ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ಗನ್ ಹಿಡಿಯುವುದು ಯಾರಿಗಾದರೂ ಅಭ್ಯಾಸದಿಂದ ಬರುತ್ತದೆ. ಜಾಗ ಸರಿಯಿಲ್ಲದಿದ್ದರೆ ಅಭ್ಯಾಸವಿದ್ದವನಿಗೂ ಅದು ಅಪಾಯವೇ.

ಪೊರೆ ಯಾಕೆ ಏಳುತ್ತಿದೆ ಎಂಬುದನ್ನು ಮೊದಲು ನೋಡೋಣ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಕಾರ್ಖಾನೆಯಲ್ಲಿ ಹೊಡೆದ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನ ಆರನೇ ಒಂದು ಪಾಲಿಗಿಂತಲೂ ಕಡಿಮೆ. ಅದರಲ್ಲಿ ಬಣ್ಣದ ಪದರ ಹದಿನೈದಿಪ್ಪತ್ತು ಮೈಕ್ರಾನ್, ಕ್ಲಿಯರ್ 40ರ ಆಸುಪಾಸು. ಈ ಕ್ಲಿಯರಿನೊಳಗೆ ನೇರಳಾತೀತ ಕಿರಣವನ್ನು ಹೀರಿಕೊಳ್ಳುವ ರಾಸಾಯನಿಕ ಇರುತ್ತದೆ, ವರ್ಷಗಳು ಕಳೆದಂತೆ ಅದು ತೀರುತ್ತಾ ಬರುತ್ತದೆ. ನಮ್ಮೂರ ಹವೆ ತಂಪು, ಬಿಸಿಲೂ ಮೆತ್ತಗೆ ಎಂದುಕೊಂಡಿರುವವರೇ ಹೆಚ್ಚು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಗಾಳಿ ತಂಪಾಗಿದ್ದ ಮಾತ್ರಕ್ಕೆ ನೇರಳಾತೀತ ಕಿರಣ ಕಡಿಮೆಯಾಗುವುದಿಲ್ಲ. ಆಕಾಶಕ್ಕೆ ಮುಖಮಾಡಿ ಮಲಗಿರುವ ಬಾನೆಟ್ ಮತ್ತು ರೂಫ್ ಮೊದಲು ಸೋಲುವುದು, ಬಾಗಿಲುಗಳು ಚೆನ್ನಾಗಿಯೇ ಉಳಿಯುವುದು ಇದಕ್ಕೇ. ಹಕ್ಕಿ ಹಿಕ್ಕೆ, ಮರದ ಅಂಟು, ವರ್ಷವರ್ಷವೂ ಮಷಿನ್ ಹಾಕಿ ಮಾಡಿಸುವ ರಬ್ಬಿಂಗ್ ಪಾಲಿಷ್ ಇವೆಲ್ಲ ಆ ತೆಳು ಪದರವನ್ನು ಇನ್ನಷ್ಟು ತೆಳು ಮಾಡುತ್ತವೆ.

ನಿಮ್ಮದು ಸೆಕೆಂಡ್ ಹ್ಯಾಂಡ್ ಕಾರಾದ್ದರಿಂದ ಇನ್ನೊಂದು ಸಾಧ್ಯತೆಯೂ ಇದೆ. ಹಿಂದಿನ ಮಾಲೀಕರು ಮಾರುವ ಮುಂಚೆ ಕಡಿಮೆ ದುಡ್ಡಿನಲ್ಲಿ ಬಾನೆಟ್ ಬಣ್ಣ ಮಾಡಿಸಿರಬಹುದು. ಬಾನೆಟ್ ಎತ್ತಿ ಕೀಲಿನ ಬೋಲ್ಟುಗಳನ್ನು ನೋಡಿ, ರೂಫ್ ಅಂಚಿನ ರಬ್ಬರ್ ಬೀಡಿಂಗನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿ. ಅಲ್ಲಿ ಸಿಲ್ವರಿನ ಸಣ್ಣ ಹನಿಗಳೋ ಟೇಪ್ ಅಂಟಿಸಿದ ಗೆರೆಯೋ ಕಂಡರೆ ಅದು ಕಾರ್ಖಾನೆಯ ಕೆಲಸವಲ್ಲ. ಆಮೇಲೆ ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ, ಬಾನೆಟ್ಟಿನಲ್ಲಿ ಕ್ಲಿಯರ್ ಇನ್ನೂ ಉಳಿದಿರುವ ಒಂದು ಅಂಚಿನ ಮೇಲೆ ಮೆಲ್ಲಗೆ ಉಜ್ಜಿ. ಕ್ಲಿಯರ್ ಮೆತ್ತಗಾಗಿ ಅಂಟಂಟಾದರೆ ಅದು ಹಾರ್ಡನರ್ ಇಲ್ಲದ ಅಗ್ಗದ ಪೇಂಟು. ಅದರ ಮೇಲೆ ನೀವು ಏನೇ ಹೊಸದಾಗಿ ಹೊಡೆದರೂ ಹೊಸ ಪೇಂಟಿನ ಥಿನ್ನರ್ ಕೆಳಗಿಳಿದು ಹಳೆಯದನ್ನು ಉಬ್ಬಿಸುತ್ತದೆ, ಮೇಲ್ಮೈ ಸುಕ್ಕುಗಟ್ಟುತ್ತದೆ. ಅಂಥದ್ದನ್ನು ಪೂರ್ತಿ ಕಿತ್ತೇ ಮುಂದುವರಿಯಬೇಕು.

ಈಗ ‘ಬರೀ ಕ್ಲಿಯರ್ ಸಾಲದೇ’ ಎಂಬ ಮಾತಿಗೆ ಬರೋಣ. ಸಾಲದು. ಎದ್ದುಹೋದ ಜಾಗಕ್ಕೂ ಉಳಿದ ಜಾಗಕ್ಕೂ ನಡುವೆ 40 ಮೈಕ್ರಾನಿನ ಮೆಟ್ಟಿಲಿದೆ, ಮೇಲೆ ಹೊಸ ಕ್ಲಿಯರ್ ಬಿದ್ದರೆ ಆ ಅಂಚು ನಕ್ಷೆಯ ಗಡಿರೇಖೆಯಂತೆ ಎದ್ದು ಕಾಣುತ್ತದೆ. ಅಂಚನ್ನು ಉಜ್ಜಿ ಸಮ ಮಾಡಲು ಹೋದರೆ ಪೇಪರು ಸಿಲ್ವರ್ ಬಣ್ಣಕ್ಕೆ ತಾಗಿಯೇ ತಾಗುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಸಣ್ಣ ಅಲ್ಯೂಮಿನಿಯಂ ಚಕ್ಕೆಗಳು ಮಲಗಿರುತ್ತವೆ, ಪೇಪರ್ ತಗುಲಿದ ಕಡೆ ಅವು ಗೀಚಿಹೋಗಿ ಕಪ್ಪು ಕಪ್ಪು ಮೋಡದಂತೆ ಕಾಣುತ್ತದೆ. ಅಲ್ಲದೆ ಈಗ ಚೆನ್ನಾಗಿಯೇ ಕಾಣುತ್ತಿರುವ ಕ್ಲಿಯರೂ ಒಳಗಿನಿಂದ ಹಿಡಿತ ಬಿಟ್ಟಿರುತ್ತದೆ. ಹೊಸದು ಅದರ ಮೇಲೆ ಕೂತು ಅದರ ಜೊತೆಗೇ ಏಳುತ್ತದೆ. ಹಾಗಾಗಿ ಎರಡೂ ಪ್ಯಾನಲಿಗೆ ಉಜ್ಜುವುದು, ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲವೂ ಆಗಲೇಬೇಕು.

ಸಿಲ್ವರ್ ಅನ್ನುವುದೇ ಬಣ್ಣಗಾರರಿಗೆ ತಲೆನೋವು. ಸಾದಾ ಬಿಳಿಯಾದರೆ ಕೈ ಸ್ವಲ್ಪ ಆಚೀಚೆ ಆದರೂ ಮುಚ್ಚಿಹೋಗುತ್ತದೆ. ಸಿಲ್ವರಿನಲ್ಲಿ ಒದ್ದೆಯಾಗಿ ಹೊಡೆದರೆ ಚಕ್ಕೆಗಳು ಒಳಗೆ ಮುಳುಗಿ ಬಣ್ಣ ಗಾಢವಾಗುತ್ತದೆ, ಒಣಒಣಗಾಗಿ ಹೊಡೆದರೆ ತಿಳಿಯಾಗುತ್ತದೆ. ಒಂದೇ ಡಬ್ಬಿಯಿಂದ ಒಂದೇ ದಿನ ಹೊಡೆದ ಬಾನೆಟ್ ಮತ್ತು ಫೆಂಡರ್ (ಮುಂಚಕ್ರದ ಮೇಲಿನ ತಗಡು) ಬೇರೆ ಬೇರೆ ಕಾಣುವುದು ಹೀಗೆ. ನಿಮ್ಮ ಕಾರಿನ ಬಣ್ಣದ ಕೋಡ್ ಎಂಜಿನ್ ಕೋಣೆಯಲ್ಲೋ ಬಾಗಿಲ ಕಂಬದ ಮೇಲೋ ಇರುವ ಪಟ್ಟಿಯಲ್ಲಿ ಸಿಗುತ್ತದೆ. ಮಾರುತಿಯ ಸಿಲ್ಕಿ ಸಿಲ್ವರ್ ಆಗಿದ್ದರೆ ಝಡ್-2-ಎಸ್ ಅಂತಿರುತ್ತದೆ. ಜೆ.ಸಿ. ರಸ್ತೆಯ ಪೇಂಟ್ ಅಂಗಡಿಗಳಲ್ಲಿ ಆ ಕೋಡ್ ಹೇಳಿದರೆ ಮಿಕ್ಸ್ ಮಾಡಿ ಕೊಡುತ್ತಾರೆ. ಆದರೆ ಕೋಡ್ ಹೇಳುವುದು ಕಾರ್ಖಾನೆಯಿಂದ ಬಂದ ದಿನದ ಬಣ್ಣವನ್ನು, ವರ್ಷಗಟ್ಟಲೆ ಬಿಸಿಲು ಕುಡಿದ ಬಣ್ಣವನ್ನಲ್ಲ. ಪೆಟ್ರೋಲ್ ಟ್ಯಾಂಕಿನ ಹೊರಗಿನ, ಬಣ್ಣ ಹೊಡೆದ ಮುಚ್ಚಳ ಬಿಚ್ಚಿಕೊಂಡು ಹೋಗಿ, ಎದುರಿಗೇ ಒಂದು ತುಂಡು ತಗಡಿನ ಮೇಲೆ ಹೊಡೆಸಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ರಸ್ತೆಗೆ ಬಂದು ಬಿಸಿಲಲ್ಲಿ ಪಕ್ಕಪಕ್ಕ ಹಿಡಿದು ನೋಡಿ.

ಇನ್ನು ನಿಜವಾದ ವಿಷಯ. ಒನ್-ಕೆ ಅಂದರೆ ಡಬ್ಬಿಯಲ್ಲಿರುವುದು ಹಾಗೇ ಒಣಗುವ ಪೇಂಟು, ಥಿನ್ನರ್ ಆರಿದರೆ ಮುಗಿಯಿತು. ಹೊಡೆಯಲು ಸುಲಭ, ಬಾಳಿಕೆ ಕಡಿಮೆ. ಪೆಟ್ರೋಲ್ ಹಾಕಿಸುವಾಗ ಚೆಲ್ಲಿದರೆ ಅಲ್ಲಿ ಮೆತ್ತಗಾಗುತ್ತದೆ, ನಮ್ಮ ಬಿಸಿಲಿಗೆ ಮಂಕಾಗುವುದೂ ಬೇಗ. ಟೂ-ಕೆಯಲ್ಲಿ ಹಾರ್ಡನರ್ ಬೆರೆತು ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಗ್ಯಾರೇಜಿನವರು ಪಿ.ಯು. (ಪಾಲಿಯುರೆಥೇನ್) ಅನ್ನುವುದು ಇದನ್ನೇ. ಗುಣದಲ್ಲಿ ಹೋಲಿಕೆಯೇ ಇಲ್ಲ, ಅಂಗಡಿಯವರು ನಿಮಗೆ ಸುಳ್ಳು ಹೇಳಿಲ್ಲ. ಹೇಳದೇ ಬಿಟ್ಟಿದ್ದು ಹಾರ್ಡನರಿನಲ್ಲಿ ಐಸೊಸೈನೇಟ್ ಇದೆ ಎಂಬುದನ್ನು.

ಐಸೊಸೈನೇಟ್ ಅಂದಕೂಡಲೇ ಕೆಲವರಿಗೆ 1984ರ ಭೋಪಾಲ್ ನೆನಪಾಗುತ್ತದೆ. ಅಲ್ಲಿ ಸೋರಿದ್ದು ಮೀಥೈಲ್ ಐಸೊಸೈನೇಟ್, ತಾನಾಗಿಯೇ ಬೇಗ ಆವಿಯಾಗುವ ವಿಷ. ಪೇಂಟಿನ ಹಾರ್ಡನರಿನಲ್ಲಿರುವುದು ಬೇರೆ, ದೊಡ್ಡ ಅಣುಗಳದ್ದು. ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರೆ ಅಷ್ಟು ಸುಲಭಕ್ಕೆ ಗಾಳಿಗೆ ಬರುವುದಿಲ್ಲ. ಗನ್ನಿನಲ್ಲೋ ಸ್ಪ್ರೇ ಕ್ಯಾನಿನಲ್ಲೋ ಹೊಡೆದಾಗ ಮಾತ್ರ ಅದು ಸೂಕ್ಷ್ಮ ಮಂಜಾಗಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಮಾಡುವ ಕೆಡುಕಿನ ಬಗೆಯೂ ವಿಚಿತ್ರ. ಒಮ್ಮೆ ದೇಹ ಅದಕ್ಕೆ ಒಗ್ಗದ ಸ್ಥಿತಿಗೆ ಬಂದುಬಿಟ್ಟರೆ, ಆಮೇಲೆ ಅತ್ಯಲ್ಪ ಪ್ರಮಾಣಕ್ಕೂ ಉಬ್ಬಸ ಕೆರಳುತ್ತದೆ. ಬ್ರಿಟನ್ನಿನ ಕೆಲಸದ ಸುರಕ್ಷತಾ ಇಲಾಖೆ ಅಲ್ಲಿ ಉದ್ಯೋಗದಿಂದ ಬರುವ ಅಸ್ತಮಾಕ್ಕೆ ದೊಡ್ಡ ಕಾರಣಗಳಲ್ಲಿ ಇದನ್ನು ಹೆಸರಿಸುತ್ತಲೇ ಬಂದಿದೆ. ಈಗಾಗಲೇ ಉಬ್ಬಸ ಇರುವ ನಿಮ್ಮ ತಾಯಿಯವರ ಕೋಣೆಯ ಕಿಟಕಿ ಪೋರ್ಟಿಕೋದ ಮೇಲೇ ಇದ್ದರೆ ಆ ಮಂಜು ಹೋಗುವುದು ಎಲ್ಲಿಗೆ, ಯೋಚಿಸಿ.

ಇಲ್ಲಿ ಜನ ನಂಬಿಕೊಂಡಿರುವ ಎರಡು ಮಾತುಗಳು ತಪ್ಪು. ‘ವಾಸನೆ ಹೋಯಿತು, ಇನ್ನೇನೂ ಇಲ್ಲ’ ಅನ್ನುವುದು ಒಂದು. ನಿಮ್ಮ ಮೂಗಿಗೆ ಬರುವುದು ಥಿನ್ನರ್ ವಾಸನೆ. ಐಸೊಸೈನೇಟು ಅಪಾಯದ ಮಟ್ಟ ದಾಟಿದ್ದರೂ ಮೂಗಿಗೆ ತಿಳಿಯದು, ಕಣ್ಣಿಗೆ ಮಂಜು ಕರಗಿದಂತೆ ಕಂಡ ಮೇಲೂ ಗಾಳಿಯಲ್ಲಿ ಇರುತ್ತದೆ. ಪೇಂಟ್ ಹೊಡೆಯಲೆಂದೇ ಗ್ಯಾರೇಜಿನಲ್ಲಿ ಕಟ್ಟಿದ ಮುಚ್ಚಿದ ಕೋಣೆಗಳಲ್ಲಿ, ಅಂದರೆ ಬೂತ್‌ಗಳಲ್ಲಿ, ಅನುಭವಸ್ಥರೇ ಮಾಡುವ ಕೆಲಸವೊಂದಿದೆ. ಕೊನೆಯ ಕೋಟ್ ಮುಗಿದಕೂಡಲೇ ಹೊಳಪು ಹೇಗೆ ಬಂದಿದೆ ನೋಡೋಣ ಅಂತ ಮುಖವಾಡ ಮೇಲೆತ್ತಿ ಪ್ಯಾನಲಿನ ಹತ್ತಿರ ಬಗ್ಗುತ್ತಾರೆ. ಸುತ್ತಲಿನ ಗಾಳಿ ಅತ್ಯಂತ ಕೆಟ್ಟಿರುವ ಗಳಿಗೆ ಅದು. ಎರಡನೆಯದು ಎನ್-95. ಅದು ಧೂಳು ತಡೆಯಲು ಒಳ್ಳೆಯದು, ಉಜ್ಜುವಾಗ ಖಂಡಿತ ಹಾಕಿಕೊಳ್ಳಿ. ಥಿನ್ನರ್ ಆವಿಯನ್ನು ಅದು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಇನ್ನೂ ಮೇಲು, ಆದರೆ ಅದರ ಆಯಸ್ಸು ತೀರಿದ್ದು ನಿಮಗೆ ಗೊತ್ತಾಗುವುದು ವಾಸನೆಯಿಂದ, ಐಸೊಸೈನೇಟೋ ಮೂಗಿಗೆ ತಿಳಿಯುವುದೇ ಇಲ್ಲ. ಗಡ್ಡ ಬಿಟ್ಟವರಿಗೆ ಆ ಮಾಸ್ಕ್ ಮುಖಕ್ಕೆ ಕೂರುವುದೂ ಇಲ್ಲ. ಟೂ-ಕೆ ಹೊಡೆಯುವವರಿಗೆ ಸರಿಯಾದದ್ದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತಂದುಕೊಡುವ ಮುಖವಾಡ. ಅದನ್ನು ಎರಡು ಪ್ಯಾನಲಿಗಾಗಿ ಯಾರೂ ಕೊಳ್ಳುವುದಿಲ್ಲ. ಬುಡದಲ್ಲಿ ಬಟನ್ ಒತ್ತಿ ಹಾರ್ಡನರ್ ಬಿಡಿಸುವ ಟೂ-ಕೆ ಸ್ಪ್ರೇ ಕ್ಯಾನುಗಳೂ ಬಂದಿವೆ. ಕ್ಯಾನಿನಲ್ಲಿದೆ ಅಂದಮಾತ್ರಕ್ಕೆ ಒಳಗಿನ ವಸ್ತು ಸಾಧುವಾಗಲಿಲ್ಲ.

ನೀವು ಬರೆಯದೇ ಬಿಟ್ಟಿರುವ ಒಂದು ಸಂಗತಿಯನ್ನು ನಾನೇ ಊಹಿಸುತ್ತೇನೆ: ನಿಮ್ಮ ನೀರಿನ ಸಂಪ್ ಇರುವುದು ಕಾರು ನಿಲ್ಲುವ ಜಾಗದ ಕೆಳಗೇ, ಅಲ್ಲವೇ? 30×40 ಮನೆಗಳಲ್ಲಿ ಬಹುಪಾಲು ಹಾಗೇ. ಥಿನ್ನರ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ಸಂಪಿನ ತಗಡಿನ ಮುಚ್ಚಳ ಯಾವತ್ತೂ ಬಿಗಿಯಾಗಿ ಕೂತಿರುವುದಿಲ್ಲ. ಒಳಗೆ ಕುಡಿಯುವ ನೀರಿದೆ. ಮೋಟಾರು, ಅದರ ಸ್ವಿಚ್ಚು ಪಕ್ಕದಲ್ಲೇ ಇರುತ್ತವೆ. ಹಲವು ಥಿನ್ನರುಗಳಲ್ಲಿರುವ ಟಾಲ್ಯೂಯಿನ್ 4 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಬೆಂಕಿ ಹೊತ್ತುವಷ್ಟು ಆವಿ ಬಿಡುತ್ತದೆ. ನಮ್ಮೂರಿನ ಡಿಸೆಂಬರ್ ಚಳಿಯೂ ಅದಕ್ಕೆ ಸೆಕೆಯೇ. ಟ್ಯಾಂಕ್ ತುಂಬಿಸಲು ಮನೆಯವರು ಮೋಟಾರ್ ಹಾಕಿದಾಗಿನ ಒಂದು ಕಿಡಿ ಸಾಕು. ಮಂಜು ಹೊರಹೋಗಲಿ ಅಂತ ಟೇಬಲ್ ಫ್ಯಾನನ್ನೋ ಸಾದಾ ಎಕ್ಸಾಸ್ಟ್ ಫ್ಯಾನನ್ನೋ ಇಡುವವರಿದ್ದಾರೆ, ಅದರ ಮೋಟಾರೂ ಕಿಡಿಯ ಮೂಲವೇ. ಸುತ್ತ ಪ್ಲಾಸ್ಟಿಕ್ ಶೀಟ್ ಕಟ್ಟಿ ‘ಬೂತ್’ ಮಾಡಿದರೆ ಧೂಳು ಕಡಿಮೆಯಾಗುತ್ತದೆ ನಿಜ, ಆವಿಯೂ ಒಳಗೇ ಉಳಿಯುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇದನ್ನು ಮಾಡಲು ಹೊರಟಿರುವ ಬೇರೆ ಓದುಗರಿದ್ದರೆ, ದಯವಿಟ್ಟು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಪಕ್ಕದ ಮನೆಯವರ ಕಾರಿನ ಮಾತೂ ಇದೆ. ಗನ್ನಿನಿಂದ ಹೊರಟ ಪೇಂಟಿನಲ್ಲಿ ಒಂದಷ್ಟು ಪ್ಯಾನಲಿಗೆ ಕೂರದೆ ಗಾಳಿಯಲ್ಲಿ ಹೋಗುತ್ತದೆ. ಒಣಗಿದ ಧೂಳಾಗಿ ಬಿದ್ದರೆ ಒರೆಸಬಹುದು. ನಿಧಾನಕ್ಕೆ ಗಟ್ಟಿಯಾಗುವ ಟೂ-ಕೆ ಹನಿಗಳು ಅವರ ಗಾಜಿನ ಮೇಲೆ ಅಂಟಿ ಕೂತರೆ ಕಾಂಪೌಂಡಿನ ಗೋಡೆಯಾಚೆ ಸಂಬಂಧ ಹಳಸುತ್ತದೆ.

ಆಯುಧಪೂಜೆಯ ಗಡುವು ಇನ್ನೊಂದು ತೊಡಕು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲೇ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವದ ಗಾಳಿಯಾದರೆ ನೀರಿನಂಶ ಅಲ್ಲೇ ಕೂತು ಕ್ಲಿಯರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮಳೆ ನಿಂತ ಸಂಜೆ ಲೈಟ್ ಹಾಕಿಕೊಂಡು ಹೊಡೆದರಂತೂ ಈಸಲುಹುಳುಗಳು ಸಾಲಾಗಿ ಬಂದು ಹಸಿ ಕ್ಲಿಯರಿನಲ್ಲಿ ರೆಕ್ಕೆ ಬಿಟ್ಟುಹೋಗುತ್ತವೆ. ಸುಡು ಬಿಸಿಲಿನಲ್ಲಿ ಬೇಗ ಒಣಗಿಸುತ್ತೇನೆ ಅನ್ನುವುದೂ ಆಗದು. ಮೇಲ್ಪದರ ಮೊದಲು ಕಟ್ಟಿಕೊಂಡು ಕೆಳಗಿನ ಥಿನ್ನರ್ ಗುಳ್ಳೆಯಾಗಿ ಒಡೆಯುತ್ತದೆ. ಮನೆಯಲ್ಲಿ ಒನ್-ಕೆ ಹೊಡೆಯುವವರಿಗೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆ ಅನುಕೂಲ. ಬೆಳಗಿನ ಮಂಜು ಆರಿದ ಮೇಲೆ, ನೆರಳಿನಲ್ಲಿ.

ಸ್ನೇಹಿತರ ಕಂಪ್ರೆಸರ್ ಬಗ್ಗೆ ಒಂದೇ ಮಾತು. ಕಾರಿಗೆ ಬಳಸುವ ಗನ್ ಗಾಳಿಯನ್ನು ಸತತವಾಗಿ ಕೇಳುತ್ತದೆ. ಸಣ್ಣ ಟ್ಯಾಂಕಿನ ಒಂದು ಎಚ್.ಪಿ. ಕಂಪ್ರೆಸರ್ ಅರ್ಧ ಬಾನೆಟ್ ಆಗುವಷ್ಟರಲ್ಲಿ ಉಸಿರು ಬಿಡುತ್ತದೆ, ಪ್ರೆಶರ್ ಇಳಿದಲ್ಲಿಂದ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗುತ್ತದೆ.

ಹಾಗಾದರೆ ಏನು ಮಾಡಬಹುದು? ನನ್ನ ಶಿಫಾರಸು ಇದು: ಬಾನೆಟ್ ಮತ್ತು ರೂಫ್ ಎರಡನ್ನೂ ಬೂತ್ ಇರುವ ಗ್ಯಾರೇಜಿಗೆ ಬಿಡಿ, ಬಣ್ಣ ಮತ್ತು ಕ್ಲಿಯರ್ ಎರಡೂ ಅಲ್ಲೇ ಆಗಲಿ. ಬಣ್ಣ ನಾನು ಹೊಡೆದು ಕ್ಲಿಯರ್ ಮಾತ್ರ ಅವರಿಂದ ಮಾಡಿಸುತ್ತೇನೆ ಅನ್ನುವುದು ಆಗುವುದಿಲ್ಲ. ಬಣ್ಣ ಆರಿದ ಸ್ವಲ್ಪ ಹೊತ್ತಿನಿಂದ ಸಾಮಾನ್ಯವಾಗಿ ಒಂದು ದಿನದೊಳಗೆ ಕ್ಲಿಯರ್ ಬೀಳಬೇಕು, ತಡವಾದರೆ ಎರಡರ ನಡುವಿನ ಹಿಡಿತವೇ ಸಡಿಲ. ನಿಮ್ಮ ಈಗಿನ ಸಮಸ್ಯೆ ಮತ್ತೆ ಹುಟ್ಟುವುದೇ ಅಲ್ಲಿಂದ. ಸರ್ವಿಸ್ ಸೆಂಟರಿಗೇ ಹೋಗಬೇಕೆಂದಿಲ್ಲ, ಒಳ್ಳೆಯ ಹೊರಗಿನ ಗ್ಯಾರೇಜುಗಳು ಕಡಿಮೆಗೆ ಮಾಡುತ್ತವೆ. ಇನ್ಶೂರೆನ್ಸ್ ಕ್ಲೇಮ್ ಮಾಡಿಸಿಕೊಡುತ್ತೇವೆ ಅಂದರೆ ಒಪ್ಪಬೇಡಿ, ಬಿಸಿಲಿಗೆ ಸವೆದದ್ದು ಅಪಘಾತವಲ್ಲ.

ಖರ್ಚು ಇಳಿಸಬೇಕಿದ್ದರೆ ಉಜ್ಜುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಗ್ಯಾರೇಜಿನಲ್ಲಿ ದಿನ ತಿನ್ನುವುದು ಅದೇ. ಮೊದಲೇ ಬಣ್ಣಗಾರರ ಹತ್ತಿರ ಮಾತಾಡಿ, ಯಾವ ಹಂತದವರೆಗೆ ಮಾಡಿಕೊಂಡು ಬಂದರೆ ಒಪ್ಪುತ್ತೀರಿ ಎಂದು ಕೇಳಿ. ಹಲವರು ಬೇರೆಯವರ ಕೈಕೆಲಸದ ಮೇಲೆ ಗ್ಯಾರಂಟಿ ಕೊಡುವುದಿಲ್ಲ, ಅದು ಅವರ ತಪ್ಪಲ್ಲ. ಒಪ್ಪಿದರೆ 320 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ ಸಡಿಲ ಕ್ಲಿಯರನ್ನೆಲ್ಲ ತೆಗೆದು, ಅಂಗೈ ಸವರಿದರೆ ಎಲ್ಲೂ ಮೆಟ್ಟಿಲು ತಾಗದಷ್ಟು ಸಮ ಮಾಡಿ. ಬೆರಳ ತುದಿ ಹಾಕಿ ಉಜ್ಜಿದರೆ ಗುಳಿ ಬೀಳುತ್ತದೆ, ರಬ್ಬರ್ ಬ್ಲಾಕಿಗೆ ಪೇಪರ್ ಸುತ್ತಿಕೊಳ್ಳಿ. ಅಂಚುಗಳಲ್ಲಿ ಪೇಂಟ್ ತೆಳು, ಅಲ್ಲಿ ಹಗುರ ಕೈ. ತಗಡು ಕಂಡರೆ ರಾತ್ರಿ ಬಿಡಬೇಡಿ, ಅದೇ ದಿನ ಪ್ರೈಮರ್ ಕಾಣಬೇಕು. ಆ ಪ್ರೈಮರ್ ಯಾವುದು ಎಂದು ಬಣ್ಣಗಾರರೇ ಹೇಳಲಿ, ಕ್ಯಾನಿನ ಒನ್-ಕೆ ಪ್ರೈಮರನ್ನು ತಮ್ಮ ಟೂ-ಕೆ ಕೆಳಗೆ ಒಪ್ಪದವರಿದ್ದಾರೆ.

ನೀರಿನ ಮೇಲೆ ನಿಗಾ ಇರಲಿ. ಬೋರ್‌ವೆಲ್ ನೀರಿನಲ್ಲಿ ಉಜ್ಜಿ ಹಾಗೇ ಒಣಗಲು ಬಿಟ್ಟರೆ ಉಪ್ಪಿನಂಶ ಉಳಿಯುತ್ತದೆ, ಅದರ ಮೇಲೆ ಪೇಂಟ್ ಬಿದ್ದರೆ ಮುಂದಿನ ಮಳೆಗಾಲದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಆರ್.ಓ. ಫಿಲ್ಟರಿನಿಂದ ಹೊರಬೀಳುವ ನೀರನ್ನು ಕಾರು ತೊಳೆಯಲು ಎತ್ತಿಡುವ ಅಭ್ಯಾಸ ನಮ್ಮಲ್ಲಿದೆ, ನೀರುಳಿಸುವ ದೃಷ್ಟಿಯಿಂದ ಒಳ್ಳೆಯದೇ. ಈ ಕೆಲಸಕ್ಕೆ ಮಾತ್ರ ಅದು ಎಲ್ಲಕ್ಕಿಂತ ಕೆಟ್ಟದ್ದು, ಫಿಲ್ಟರ್ ಬೇಡವೆಂದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಕೊನೆಯಲ್ಲಿ ಅರ್ಧ ಬಕೆಟ್ ಮಳೆನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ ಒಣಗಿಸಿದರೂ ಸಾಕು. ಪೈಪ್ ಹಿಡಿದು ಕಾವೇರಿ ನೀರು ಹರಿಸಬೇಡಿ. ನೀರಿಗೆ ಹಾಹಾಕಾರವಾದ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ಇನ್ನೊಂದು ಶತ್ರು ಸಿಲಿಕೋನ್. ಡ್ಯಾಶ್‌ಬೋರ್ಡ್ ಪಾಲಿಷ್, ಟೈರ್ ಪಾಲಿಷ್ ಡಬ್ಬಿಗಳನ್ನು ಆ ವಾರ ಕಾರಿನ ಹತ್ತಿರ ತರಬೇಡಿ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಬಾನೆಟ್ ಸವರಿದರೂ ಪೇಂಟ್ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಸರಿದು ನಿಲ್ಲುತ್ತದೆ.

ನಿಮಗೆ ಹೊಡೆಯುವ ಆಸೆಯೇ ಇದ್ದರೆ ಮಿರರ್ ಕವರುಗಳನ್ನು ಬಿಚ್ಚಿಕೊಂಡು ಒನ್-ಕೆ ಕ್ಯಾನಿನಲ್ಲಿ, ತಾರಸಿಯ ಮೇಲೆ, ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ ಮಾಡಿ. ಅಮ್ಮನನ್ನು ಅವತ್ತು ನೆಂಟರ ಮನೆಗೆ ಕಳಿಸಿ, ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ. ಒನ್-ಕೆಯಲ್ಲಿ ಐಸೊಸೈನೇಟ್ ಇಲ್ಲದಿದ್ದರೂ ಥಿನ್ನರ್ ಇದೆ, ಕಾರ್ಟ್ರಿಜ್ ಮಾಸ್ಕ್ ಮತ್ತು ನೈಟ್ರೈಲ್ ಗ್ಲೌಸ್ ಬೇಕು. ಒಂದೇ ಸಲಕ್ಕೆ ಮುಚ್ಚುವ ಆತುರ ಬೇಡ. ಇಪ್ಪತ್ತು-ಇಪ್ಪತ್ತೈದು ಸೆಂಟಿಮೀಟರ್ ದೂರದಿಂದ, ಕೈ ಚಲಿಸಲು ಶುರುವಾದ ಮೇಲೆ ಬಟನ್ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಗೆರೆಯೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಕೋಟಿಗೂ ಕೋಟಿಗೂ ನಡುವೆ ಹತ್ತು-ಹದಿನೈದು ನಿಮಿಷ ಬಿಡಿ. ಮೊದಲು ಶಿವಾಜಿನಗರದ ಗುಜರಿಯಿಂದ ಹಳೆಯ ಕವರೊಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಅದೇ ಕ್ಯಾನಿನಲ್ಲಿ ಬಾನೆಟ್ಟನ್ನೂ ಮುಗಿಸಿಬಿಡೋಣ ಅನ್ನಿಸುತ್ತದೆ, ಅನ್ನಿಸಲಿ. 400 ಮಿಲಿಲೀಟರಿನ ಕ್ಯಾನ್ ಬಾನೆಟ್ಟಿಗೆ ಸರಿಯಾಗಿ ಮೂರು ಕೋಟ್ ಕೊಡುವುದಿಲ್ಲ, ಅಷ್ಟು ಅಗಲದ ಸಮತಟ್ಟು ಜಾಗದಲ್ಲಿ ಕ್ಯಾನಿನ ಪಟ್ಟೆಗಳು ಅಡಗುವುದೂ ಇಲ್ಲ.

ಏನೂ ಮಾಡದೆ ಬಿಡುವುದೂ ಒಂದು ದಾರಿಯೇ. ಪೊರೆ ಎದ್ದರೆ ನೋಡಲು ಅಸಹ್ಯ, ತಗಡಿಗೆ ತಕ್ಷಣ ಏನೂ ಆಗುವುದಿಲ್ಲ, ಕೆಳಗೆ ಪ್ರೈಮರ್ ಇದೆ. ಎರಡು ವರ್ಷದಲ್ಲಿ ಕಾರು ಮಾರುವ ಯೋಚನೆ ಇದ್ದರೆ ಹದಿನಾರು ಸಾವಿರ ವಾಪಸ್ ಬರುವುದು ಅನುಮಾನ. ತುಕ್ಕಿನ ಚುಕ್ಕೆ ಕಂಡಲ್ಲಿ ಮಾತ್ರ ಟಚಪ್ ಮಾಡಿಕೊಂಡು ಓಡಿಸಿ. ವಿನೈಲ್ (ಅಂಟುವ ಪ್ಲಾಸ್ಟಿಕ್ ಹಾಳೆ) ಸುತ್ತಿಸಿ ಮುಚ್ಚಿಬಿಡಿ ಎನ್ನುವವರ ಮಾತಿಗೆ ಹೋಗಬೇಡಿ, ಏಳುತ್ತಿರುವ ಪದರದ ಮೇಲೆ ಅದು ಹಿಡಿಯುವುದಿಲ್ಲ, ಕಿತ್ತಾಗ ಇದ್ದಬದ್ದದ್ದನ್ನೂ ತೆಗೆದುಕೊಂಡು ಬರುತ್ತದೆ.

ಗ್ಯಾರೇಜಿಗೆ ಹೋದಾಗ ಬೋರ್ಡಿನಲ್ಲಿ ಬರೆದ ‘ಓವನ್ ಬೂತ್’ ನೋಡಿ ತೃಪ್ತಿಪಡಬೇಡಿ, ಒಳಗೆ ಹೋಗಿ ನೋಡಿ. ಫಿಲ್ಟರುಗಳು ಕಪ್ಪಾಗಿವೆಯೇ, ಬೂತು ಹಳೆಯ ಬಂಪರ್ ಇಡುವ ಗೋಡೌನ್ ಆಗಿದೆಯೇ, ಹೊಡೆಯುವವನ ಮುಖದ ಮೇಲೆ ಕರ್ಚೀಫ್ ಇದೆಯೋ ಮಾಸ್ಕೋ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಯಾವ ಕಂಪನಿಯ ಟೂ-ಕೆ ಕ್ಲಿಯರ್, ಎಷ್ಟು ಕೋಟ್, ಬೂತಿನಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸುತ್ತಾರೋ ಸುಮ್ಮನೆ ಒಣಗಲು ಬಿಡುತ್ತಾರೋ ಕೇಳಿ. ಫೆಂಡರಿಗೆ ಬಣ್ಣ ಸ್ವಲ್ಪ ಹರಡಿ ಹೊಂದಿಸಬೇಕು ಅಂದರೆ ಬೇಡ ಅನ್ನಬೇಡಿ, ಸಿಲ್ವರಿಗೆ ಅದು ಬೇಕಾದ ಕೆಲಸ. ಬಣ್ಣ ಬೇರೆ ಮಾಡಿಸುವ ಮನಸ್ಸು ಬಂದರೆ ಆರ್.ಸಿ.ಯಲ್ಲೂ ತಿದ್ದುಪಡಿ ಆಗಬೇಕು, ಅದೇ ಸಿಲ್ವರ್ ಆದರೆ ಆ ಗೋಜಿಲ್ಲ. ಕಾರು ಬಂದ ಮೇಲೆ ಒಂದು ತಿಂಗಳು ವ್ಯಾಕ್ಸ್ ಬೇಡ, ಬಾಡಿ ಕವರ್ ಹೊದಿಸುವುದೂ ಬೇಡ. ಹಕ್ಕಿ ಹಿಕ್ಕೆ ಬಿದ್ದರೆ ಒಣಗಲು ಬಿಡದೆ ಒದ್ದೆ ಬಟ್ಟೆಯಿಂದ ಅವತ್ತೇ ತೆಗೆಯಿರಿ.